ದುಡ್ಡು ಕಟ್ಟಿ ಪೇಪರಿನಲ್ಲಿ ಹೆಸರು ಹಾಕಿಸಿಕೊಳ್ಳಬೇಕಾ?

ಪ್ರಶ್ನೆ: ಮೇಡಂ, ನಾನು ಶಿವಮೊಗ್ಗ ಕಡೆಯವಳು. ಎಂ.ಎಸ್ಸಿ. ಮೈಕ್ರೋಬಯಾಲಜಿ ಮೊದಲ ವರ್ಷ. ವಾಟ್ಸ್‌ಆಪ್ ಗ್ರೂಪಿನಲ್ಲಿ ಒಂದು ಆನ್‌ಲೈನ್ ಇಂಟರ್ನ್‌ಶಿಪ್ ಬಂದಿದೆ. ಎರಡು ತಿಂಗಳು. ವೈಜ್ಞಾನಿಕ ಬರವಣಿಗೆ, ಡೇಟಾ ಅನಾಲಿಸಿಸ್, ಪೇಪರ್ ಪ್ರಕಟಣೆ ಮೂರನ್ನೂ ಕಲಿಸುತ್ತಾರಂತೆ. ಫೀಸು 8,500 ರೂಪಾಯಿ. ಆರು ಜನರ ತಂಡ ಮಾಡಿ ಒಂದು ರಿವ್ಯೂ ಪೇಪರ್ ಬರೆಸಿ, ಸ್ಕೋಪಸ್ ಅನ್ನುವ ದೊಡ್ಡ ಜರ್ನಲ್ ಪಟ್ಟಿಯಲ್ಲಿರುವ ಜರ್ನಲ್‌ನಲ್ಲಿ ಗ್ಯಾರಂಟಿ ಹಾಕಿಸುತ್ತೇವೆ ಅಂದಿದ್ದಾರೆ. ಮೊದಲ ಹೆಸರು ಬೇಕಂದರೆ ಇನ್ನೂ 4,000. ಸರ್ಟಿಫಿಕೇಟು, ಶಿಫಾರಸು ಪತ್ರವೂ ಇದೆ. ಭಾನುವಾರದೊಳಗೆ ಕಟ್ಟಬೇಕು. ನನ್ನ ಗೆಳತಿ ಆಗಲೇ ಸೇರಿ, ಅವಳ ಹೆಸರು ಪೇಪರಿನಲ್ಲಿ ಬಂದಿದೆ. ಗೈಡ್‌ನ ಕೇಳಿದರೆ "ಮಾಡಿಕೋ, ಒಳ್ಳೆಯದೇ" ಅಂದು ಸುಮ್ಮನಾದರು. ಅಪ್ಪ ಸಾಲ ಮಾಡಿಯಾದರೂ ಕೊಡುತ್ತೇನೆ ಅನ್ನುತ್ತಾರೆ. ಪೇಪರ್ ಇಲ್ಲದಿದ್ದರೆ ಬೆಂಗಳೂರಿನಲ್ಲಿ ಮೆಡಿಕಲ್ ರೈಟರ್ ಕೆಲಸವೂ ಸಿಗಲ್ಲ, ಹೊರದೇಶದಲ್ಲಿ ಪಿಎಚ್‌ಡಿಯೂ ಸಿಗಲ್ಲ ಅಂತ ಎಲ್ಲರೂ ಹೇಳುತ್ತಾರೆ. ಇದು ಮೋಸವಾ? ಸೇರದಿದ್ದರೆ ನಾನು ಹಿಂದೆ ಬೀಳುತ್ತೇನಾ?

ಉತ್ತರ:

ದುಡ್ಡು ಕಟ್ಟಬೇಡಿ. ಭಾನುವಾರದ ಗಡುವು ಇರುವುದರಿಂದ ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕಾರಣಗಳನ್ನು ನಿಧಾನವಾಗಿ ಓದಿ. ನಾನು ಬೆಂಗಳೂರಿನಲ್ಲಿ ಬಹಳ ವರ್ಷಗಳಿಂದ ವೈಜ್ಞಾನಿಕ ಪೇಪರ್‌ಗಳನ್ನು ತಿದ್ದುವ ಕೆಲಸ ಮಾಡುತ್ತಿದ್ದೇನೆ. ಹೊಸಬರನ್ನು ಆರಿಸಿಕೊಳ್ಳುವ ಕೆಲಸವೂ ನನ್ನ ಪಾಲಿಗೆ ಬರುತ್ತದೆ. ನಿಮ್ಮ ಪ್ರಶ್ನೆಯನ್ನೇ ಬೇರೆ ಊರು, ಬೇರೆ ಮೊತ್ತ ಹಾಕಿ ಎಷ್ಟೋ ಮಕ್ಕಳು ಕೇಳಿದ್ದಾರೆ. ಅಪ್ಪ ಸಾಲ ಮಾಡುತ್ತಾರೆ ಅನ್ನುವ ಸಾಲು ಓದಿದಾಗ ಪ್ರತಿ ಸಲವೂ ಸಂಕಟವಾಗುತ್ತದೆ.

ಇದರಲ್ಲಿ ಎರಡು ವಿಷಯ ಕಲಸಿಹೋಗಿವೆ. ದುಡ್ಡು ತೆಗೆದುಕೊಂಡು ಪಾಠ ಹೇಳುವುದು ತಪ್ಪೇನಲ್ಲ. ಯಾರಾದರೂ ಎರಡು ತಿಂಗಳು ಕೂತು ಡೇಟಾ ಅನಾಲಿಸಿಸ್ ಕಲಿಸಿ, ನೀವು ಬರೆದ ಪ್ಯಾರಾಗಳನ್ನು ಒಂದೊಂದಾಗಿ ತಿದ್ದಿಕೊಟ್ಟರೆ ಫೀಸು ಕೇಳಲಿ ಬಿಡಿ. ಆದರೆ ಅದನ್ನು ಕೋರ್ಸಿನ ಬೆಲೆಗೆ ತೂಗಿ. ಕೇಂದ್ರ ಸರ್ಕಾರದ ಸ್ವಯಂ ಪೋರ್ಟಲ್‌ನಲ್ಲಿ ಐಐಟಿಯವರ ಎನ್‌ಪಿಟಿಇಎಲ್ ಪಾಠಗಳು ಉಚಿತ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕಂದರೆ ಮಾತ್ರ ಫೀಸು. ವೈಜ್ಞಾನಿಕ ಬರವಣಿಗೆಗೆ ಸ್ಟ್ಯಾನ್‌ಫರ್ಡ್‌ನ ಕ್ರಿಸ್ಟಿನ್ ಸೈನಾನಿ ಅವರ ಪಾಠಗಳಿವೆ, ನಾನು ಹೊಸಬರಿಗೆ ಮೊದಲು ಹೇಳುವುದು ಅವನ್ನೇ. ಇವುಗಳ ಪಕ್ಕ ಇಟ್ಟು ನೋಡಿದರೆ 8,500 ರೂಪಾಯಿಗೆ ಅವರು ಜಾಸ್ತಿ ಏನು ಕೊಡುತ್ತಿದ್ದಾರೆ? ಪೇಪರಿನ ಮೇಲೆ ನಿಮ್ಮ ಹೆಸರು. ಅವರು ನಿಜವಾಗಿ ಮಾರುತ್ತಿರುವುದು ಅದನ್ನು.

ಲೆಕ್ಕ ಹಾಕಿ. ಆರು ಜನ, ತಲಾ 8,500 ಅಂದರೆ 51,000. ಒಬ್ಬರು ಮೊದಲ ಹೆಸರಿಗೆ ಕೊಟ್ಟ 4,000 ಸೇರಿಸಿದರೆ ಒಂದೇ ಪೇಪರಿಗೆ 55,000 ರೂಪಾಯಿ. ಬರೆಯುವವರು ನೀವೇ, ಇಲ್ಲವೇ ಎಐ. ಲ್ಯಾಬಿನ ಖರ್ಚು ಇಲ್ಲ, ರಾಸಾಯನಿಕ ಇಲ್ಲ, ಹೊಸ ಡೇಟಾ ಇಲ್ಲ. ರಿವ್ಯೂ ಪೇಪರನ್ನೇ ಯಾಕೆ ಆರಿಸುತ್ತಾರೆ ಅನ್ನುವುದು ಇದರಲ್ಲೇ ಗೊತ್ತಾಗುತ್ತದೆ ಅಲ್ವಾ? ನಿಜವಾದ ರಿವ್ಯೂ ಪೇಪರ್ ಬರೆಯಲು ಆ ವಿಷಯದಲ್ಲಿ ವರ್ಷಗಟ್ಟಲೆ ದುಡಿದವರು ಬೇಕು. ನೂರಾರು ಪೇಪರ್ ಓದಿ, ಯಾವುದು ಗಟ್ಟಿ ಯಾವುದು ಪೊಳ್ಳು ಅಂತ ತೀರ್ಪು ಕೊಡಬೇಕಾದ ಕೆಲಸ ಅದು. ಎಂ.ಎಸ್ಸಿ. ಮೊದಲ ವರ್ಷದ ಆರು ಮಕ್ಕಳು ಎರಡು ತಿಂಗಳಲ್ಲಿ ಆನ್‌ಲೈನ್‌ನಲ್ಲಿ ಕೂತು ಬರೆಯುವಂಥದ್ದಲ್ಲ.

ಇನ್ನು ಗ್ಯಾರಂಟಿ. ಪೇಪರ್ ಒಪ್ಪುವುದು ಬಿಡುವುದು ಜರ್ನಲ್ ಸಂಪಾದಕರ ಕೈಯಲ್ಲಿ, ಅವರು ಕೇಳುವ ಇಬ್ಬರು ಮೂವರು ವಿಮರ್ಶಕರ ಕೈಯಲ್ಲಿ ಇರುತ್ತದೆ. ಕಳಿಸಿದವರಿಗೆ ಆ ವಿಮರ್ಶಕರು ಯಾರೆಂದೇ ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಒಳ್ಳೆಯ ಜರ್ನಲ್‌ಗಳಲ್ಲಿ ಉತ್ತರ ಬರಲು ತಿಂಗಳುಗಳೇ ಹಿಡಿಯುತ್ತವೆ. ಬಂದ ಉತ್ತರವೂ ಎಷ್ಟೋ ಸಲ "ಬೇಡ" ಅಂತಲೇ ಇರುತ್ತದೆ. ಹೀಗಿರುವಾಗ ಮಧ್ಯದಲ್ಲಿ ಕೂತ ಯಾರೋ ಗ್ಯಾರಂಟಿ ಕೊಡುತ್ತಾರೆ ಅಂದರೆ ಒಂದೋ ಆ ಜರ್ನಲ್‌ನಲ್ಲಿ ವಿಮರ್ಶೆಯೇ ನಡೆಯುವುದಿಲ್ಲ, ಇಲ್ಲಾ ಒಳಗಿನವರ ಜೊತೆ ವ್ಯವಹಾರ ಇದೆ, ಇಲ್ಲಾ ಅವರು ಸುಳ್ಳು ಹೇಳುತ್ತಿದ್ದಾರೆ. ವಿಮರ್ಶೆ ಇಲ್ಲದ ಜರ್ನಲ್‌ಗಳು ಅಷ್ಟೊಂದು ಇರುತ್ತವಾ ಅಂತ ಅನುಮಾನ ಬರಬಹುದು. 2013ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತ ಸೈನ್ಸ್ ಪತ್ರಿಕೆಗಾಗಿ ಒಂದು ಪರೀಕ್ಷೆ ಮಾಡಿದ. ಕಲ್ಲುಹೂವಿನ ಜಾತಿಯ ಜೀವಿಯಿಂದ ತೆಗೆದ ವಸ್ತು ಕ್ಯಾನ್ಸರ್ ಜೀವಕೋಶಗಳನ್ನು ತಡೆಯುತ್ತದೆ ಅಂತ ಒಂದು ಸುಳ್ಳು ಪೇಪರ್ ಕಟ್ಟಿ, ಬೇಕಂತಲೇ ಎದ್ದು ಕಾಣುವ ತಪ್ಪುಗಳನ್ನು ಹಾಕಿ, 304 ಜರ್ನಲ್‌ಗಳಿಗೆ ಕಳಿಸಿದ. 157 ಜರ್ನಲ್‌ಗಳು ಒಪ್ಪಿಕೊಂಡವು.

ಇದರ ಜೊತೆಗೇ ಒಂದು ತಪ್ಪು ಕಲ್ಪನೆಯನ್ನೂ ಬಿಡಿಸಬೇಕು. ದುಡ್ಡು ಕೇಳುವ ಜರ್ನಲ್ ಎಲ್ಲವೂ ನಕಲಿಯಲ್ಲ. ಓದುಗರಿಗೆ ಉಚಿತವಾಗಿ ಸಿಗುವ ಓಪನ್ ಆಕ್ಸೆಸ್ ಜರ್ನಲ್‌ಗಳು ಲೇಖಕರ ಕಡೆಯಿಂದ ಶುಲ್ಕ ತೆಗೆದುಕೊಳ್ಳುವುದುಂಟು, ಅದು ದೊಡ್ಡ ಮೊತ್ತವೇ ಆಗಿರಬಹುದು. ಆದರೆ ಆ ಶುಲ್ಕ ಜರ್ನಲ್‌ನ ಪುಟದಲ್ಲೇ ಬರೆದಿರುತ್ತದೆ, ಸಾಮಾನ್ಯವಾಗಿ ಪೇಪರ್ ಒಪ್ಪಿಗೆಯಾದ ಮೇಲೆ ಕಟ್ಟುವಂಥದ್ದು, ಹೆಚ್ಚಾಗಿ ಕಟ್ಟುವುದು ಪ್ರಾಜೆಕ್ಟ್ ಹಣದಿಂದ ಅಥವಾ ಸಂಸ್ಥೆಯಿಂದ. ವಿದ್ಯಾರ್ಥಿಯ ಅಪ್ಪ ಯಾರದೋ ಫೋನ್ ಪೇ ನಂಬರಿಗೆ ಹಾಕುವ ದುಡ್ಡಲ್ಲ ಅದು.

ಹೆಸರಿನ ವಿಷಯಕ್ಕೆ ಸ್ಪಷ್ಟ ನಿಯಮವೇ ಇದೆ. ವೈದ್ಯಕೀಯ ಜರ್ನಲ್ ಸಂಪಾದಕರ ಅಂತಾರಾಷ್ಟ್ರೀಯ ಸಮಿತಿ, ನಮ್ಮವರು ಐಸಿಎಂಜೆಇ ಅಂತ ಕರೆಯುವುದು, ಲೇಖಕ ಅನ್ನಿಸಿಕೊಳ್ಳಲು ನಾಲ್ಕು ಶರತ್ತು ಇಟ್ಟಿದೆ. ಸಂಶೋಧನೆಯ ಯೋಚನೆಯಲ್ಲೋ ಡೇಟಾದಲ್ಲೋ ಅದರ ವಿಶ್ಲೇಷಣೆಯಲ್ಲೋ ಗಣನೀಯ ಪಾಲು ಇರಬೇಕು. ಬರೆಯುವುದರಲ್ಲಿ ಅಥವಾ ಗಂಭೀರವಾಗಿ ತಿದ್ದುವುದರಲ್ಲಿ ಕೈ ಇರಬೇಕು. ಕೊನೆಯ ಪ್ರತಿಯನ್ನು ಓದಿ ಒಪ್ಪಿರಬೇಕು. ನಾಳೆ ಯಾರಾದರೂ ಪ್ರಶ್ನೆ ಎತ್ತಿದರೆ ಉತ್ತರ ಕೊಡುವ ಹೊಣೆ ಹೊರಬೇಕು. ನಾಲ್ಕೂ ಇರಬೇಕು, ಒಂದೋ ಎರಡೋ ಇದ್ದರೆ ಸಾಲದು. ಮೊದಲ ಹೆಸರು ಯಾರದು ಅನ್ನುವುದು ಯಾರು ಎಷ್ಟು ಕೆಲಸ ಮಾಡಿದರು ಅನ್ನುವುದರ ಮೇಲೆ ನಿಲ್ಲುತ್ತದೆ. 4,000 ಕೊಟ್ಟವರಿಗೆ ಮೊದಲ ಹೆಸರು ಅಂತ ಪೋಸ್ಟರ್‌ನಲ್ಲಿ ಬರೆದುಕೊಂಡವರು ತಮ್ಮ ವ್ಯವಹಾರ ಏನೆಂದು ತಾವೇ ಹೇಳಿಕೊಂಡ ಹಾಗಾಯಿತು.

ನಾಲ್ಕನೆಯ ಶರತ್ತನ್ನು ಇನ್ನೊಮ್ಮೆ ಓದಿ. ನಿಮ್ಮ ತಂಡದ ಉಳಿದ ಐದು ಜನರನ್ನು ನೀವು ನೋಡಿಯೇ ಇರುವುದಿಲ್ಲ. ಅವರಲ್ಲಿ ಒಬ್ಬರು ಎಲ್ಲಿಂದಲೋ ಕದ್ದ ಪ್ಯಾರಾ ಹಾಕಿದರೆ ಕೃತಿಚೌರ್ಯದ ಪೇಪರಿನಲ್ಲಿ ನಿಮ್ಮ ಹೆಸರೂ ಇರುತ್ತದೆ. ಇನ್ನೊಬ್ಬರು ಎಐ ಕೊಟ್ಟ ಆಕರಗಳನ್ನು ಹಾಗೇ ಅಂಟಿಸಿದರೆ ಇಲ್ಲದ ಪೇಪರ್‌ಗಳನ್ನು ಉಲ್ಲೇಖಿಸಿದವರಲ್ಲಿ ನೀವೂ ಒಬ್ಬರು. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2018ರಲ್ಲೇ ಕೃತಿಚೌರ್ಯದ ನಿಯಮ ತಂದಿದೆ, ಬೇರೆಯವರ ಬರಹದ ಜೊತೆ ಹೋಲಿಕೆ ಶೇಕಡಾ 10 ದಾಟಿದರೆ ಕ್ರಮ ಶುರುವಾಗುತ್ತದೆ. ತಪ್ಪು ಕಂಡು ಜರ್ನಲ್‌ನವರು ಪೇಪರ್ ವಾಪಸ್ ಪಡೆದರೆ ಅದು ಅಳಿಸಿಹೋಗುವುದಿಲ್ಲ, "ರಿಟ್ರಾಕ್ಟೆಡ್" ಅಂತ ಮುದ್ರೆ ಬಿದ್ದು ನಿಮ್ಮ ಹೆಸರಿನ ಜೊತೆಗೇ ಉಳಿಯುತ್ತದೆ. ರಿಟ್ರಾಕ್ಷನ್ ವಾಚ್ ಅನ್ನುವ ತಂಡ 2010ರಿಂದ ಇಂಥ ಪೇಪರ್‌ಗಳ ಸುದ್ದಿ ಬರೆಯುತ್ತಿದೆ. ಅವರು ಕೂಡಿಹಾಕಿದ ಪಟ್ಟಿ ಈಗ ಯಾರು ಬೇಕಾದರೂ ಹುಡುಕುವಂತೆ ಮುಕ್ತವಾಗಿದೆ. ನೇಮಕಕ್ಕೆ ಮುಂಚೆ ನಾವೂ ಹುಡುಕುತ್ತೇವೆ.

"ಆದರೆ ಸ್ಕೋಪಸ್ ಅಂದಿದ್ದಾರಲ್ಲ" ಅನ್ನುತ್ತೀರಿ. ಸ್ಕೋಪಸ್‌ನ ಜರ್ನಲ್ ಪಟ್ಟಿಯನ್ನು ಚಂದಾ ಇಲ್ಲದೆಯೂ ನೋಡಬಹುದು. ಜರ್ನಲ್ ಹೆಸರು ಕೇಳಿ, ಅದರ ಗುರುತಿನ ಸಂಖ್ಯೆಯಾದ ಐಎಸ್‌ಎಸ್‌ಎನ್ ಹಾಕಿ ಹುಡುಕಿ. ಸಿಕ್ಕರೆ ಅಷ್ಟಕ್ಕೇ ನಿಲ್ಲಬೇಡಿ, ಯಾವ ವರ್ಷದವರೆಗೆ ಸೇರಿಸಿದ್ದಾರೆ ನೋಡಿ. ಎಷ್ಟೋ ಜರ್ನಲ್‌ಗಳನ್ನು ಸ್ಕೋಪಸ್ ಮಧ್ಯದಲ್ಲೇ ಕೈಬಿಟ್ಟಿರುತ್ತದೆ, ಜಾಹೀರಾತಿನಲ್ಲಿ ಮಾತ್ರ ಹಳೆಯ ಹೆಸರು ಓಡುತ್ತಿರುತ್ತದೆ. ಇನ್ನೂ ಕೆಟ್ಟದ್ದು ಅಂದರೆ ನಿಜವಾದ ಜರ್ನಲ್‌ನ ಹೆಸರು ಮತ್ತು ಐಎಸ್‌ಎಸ್‌ಎನ್ ಕದ್ದು ಅದೇ ಥರ ಕಾಣುವ ವೆಬ್‌ಸೈಟ್ ಮಾಡುವುದು. ಅಲ್ಲಿ ನೀವು ದುಡ್ಡು ಕಟ್ಟಿದ ಪೇಪರ್ ನಿಜವಾದ ಜರ್ನಲ್‌ನಲ್ಲಿ ಎಂದೂ ಬರುವುದಿಲ್ಲ. ಐಎಸ್‌ಎಸ್‌ಎನ್ ಅನ್ನುವುದು ನಿಯತಕಾಲಿಕಕ್ಕೆ ಕೊಡುವ ಎಂಟು ಅಂಕಿಯ ಗುರುತಿನ ಸಂಖ್ಯೆ ಅಷ್ಟೇ, ಗುಣಮಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ. ಗೂಗಲ್ ಸ್ಕಾಲರ್‌ನಲ್ಲಿ ಕಾಣುತ್ತದೆ ಅನ್ನುವುದೂ ಯೋಗ್ಯತೆಯಲ್ಲ. ಇಂಪ್ಯಾಕ್ಟ್ ಫ್ಯಾಕ್ಟರ್ (ಜರ್ನಲ್‌ನ ಪೇಪರ್‌ಗಳನ್ನು ಬೇರೆಯವರು ಸರಾಸರಿ ಎಷ್ಟು ಸಲ ಉಲ್ಲೇಖಿಸಿದರು ಅನ್ನುವ ಅಂಕಿ) ಅಂತ ಲೆಕ್ಕಕ್ಕೆ ಬರುವುದು ಕ್ಲಾರಿವೇಟ್ ಸಂಸ್ಥೆ ಪ್ರಕಟಿಸುವುದು ಮಾತ್ರ, ಆದರೆ ಬೇರೆ ಹೆಸರಿನ ಅಂಗಡಿಗಳು 7.8, 8.2 ಅಂತ ಬೇಕಾದ ಅಂಕಿ ಹಂಚುತ್ತವೆ.

ಸ್ಕೋಪಸ್‌ನಲ್ಲಿ ನಿಜವಾಗಿಯೂ ಇದ್ದರೆ ಭಯವಿಲ್ಲ ಅಂತಲೂ ಅಲ್ಲ. ಹಿಂದಾವಿ ಅನ್ನುವ ಪ್ರಕಾಶನ ಸಂಸ್ಥೆಯನ್ನು 2021ರಲ್ಲಿ ವೈಲಿ ಎಂಬ ದೊಡ್ಡ ಪ್ರಕಾಶನ ಸಂಸ್ಥೆ ಕೊಂಡುಕೊಂಡಿತು. ದೊಡ್ಡ ಪಟ್ಟಿಗಳಲ್ಲಿದ್ದ ಅದರ ಎಷ್ಟೋ ಜರ್ನಲ್‌ಗಳ ವಿಶೇಷ ಸಂಚಿಕೆಗಳೊಳಗೆ, ಪೇಪರ್ ತಯಾರಿಸಿ ಹೆಸರು ಮಾರುವ ಜಾಲಗಳು ನುಗ್ಗಿದ್ದು ಆಮೇಲೆ ಬೆಳಕಿಗೆ ಬಂತು. 2023 ಒಂದೇ ವರ್ಷದಲ್ಲಿ 8,000ಕ್ಕೂ ಹೆಚ್ಚು ಪೇಪರ್‌ಗಳನ್ನು ವಾಪಸ್ ಪಡೆದರು. ದುಡ್ಡು ಕೊಟ್ಟು ಹೆಸರು ಹಾಕಿಸಿಕೊಂಡವರಿಗೆ ಆ ದುಡ್ಡು ಹಿಂದಕ್ಕೆ ಬಂದಿರಲಾರದು.

ಇಷ್ಟೆಲ್ಲ ಯಾಕೆ ಬೆಳೆಯಿತು? ಬೇಡಿಕೆಯನ್ನು ವ್ಯವಸ್ಥೆಯೇ ಹುಟ್ಟಿಸಿತು. 2010ರಲ್ಲಿ ಯುಜಿಸಿ ಅಧ್ಯಾಪಕರ ನೇಮಕಕ್ಕೆ, ಬಡ್ತಿಗೆ ಪೇಪರ್ ಲೆಕ್ಕದ ಅಂಕ ತಂದಿತು. ಪಿಎಚ್‌ಡಿ ಥೀಸಿಸ್ ಕೊಡುವ ಮೊದಲು ಪೇಪರ್ ಬೇಕು ಅನ್ನುವ ನಿಯಮವೂ ಇತ್ತು. ಲ್ಯಾಬ್ ಇಲ್ಲ, ಸಮಯ ಇಲ್ಲ, ಪೇಪರ್ ಮಾತ್ರ ಬೇಕು ಅಂದಾಗ ಅಂಗಡಿಗಳು ತೆರೆದುಕೊಂಡವು. ಯುಜಿಸಿ ತಾನೇ ಒಪ್ಪಿದ್ದ ಪಟ್ಟಿಯಿಂದ 2018ರ ಮೇನಲ್ಲಿ 4,305 ಜರ್ನಲ್‌ಗಳನ್ನು ಕಿತ್ತುಹಾಕಬೇಕಾಯಿತು. ಆಮೇಲೆ ಯುಜಿಸಿಯದೇ ಕೇರ್ ಅನ್ನುವ ಹೊಸ ಜರ್ನಲ್ ಪಟ್ಟಿ ಬಂತು, 2025ರ ಫೆಬ್ರವರಿಯಲ್ಲಿ ಅದನ್ನೂ ನಿಲ್ಲಿಸಿದರು. ಹಾಗಾಗಿ ಈಗಲೂ "ಯುಜಿಸಿ ಕೇರ್ ಜರ್ನಲ್‌ನಲ್ಲಿ ಹಾಕಿಸುತ್ತೇವೆ" ಅನ್ನುವ ಪೋಸ್ಟರ್ ಕಂಡರೆ ಅಲ್ಲೇ ಬಿಟ್ಟುಬಿಡಿ. ಪಿಎಚ್‌ಡಿಗೆ ಪೇಪರ್ ಕಡ್ಡಾಯ ಅನ್ನುವುದನ್ನು ಯುಜಿಸಿ 2022ರ ನಿಯಮದಲ್ಲಿ ತೆಗೆದುಹಾಕಿತು. ನಿಮ್ಮ ಗೈಡ್ ಆ ಅಂಕದ ಲೆಕ್ಕದಲ್ಲೇ ಬೆಳೆದವರಿರಬಹುದು, "ಒಳ್ಳೆಯದೇ" ಅಂದಿದ್ದರಲ್ಲಿ ಕೆಟ್ಟ ಉದ್ದೇಶ ಇರಲಿಕ್ಕಿಲ್ಲ.

ಈಗ ನಿಮ್ಮ ನಿಜವಾದ ಭಯಕ್ಕೆ ಬರೋಣ, ಹಿಂದೆ ಬೀಳುತ್ತೇನಾ ಅನ್ನುವುದು. ಮೆಡಿಕಲ್ ರೈಟರ್ ಅಥವಾ ಎಡಿಟರ್ ಹುದ್ದೆಗೆ ಬರುವ ಹೊಸಬರಲ್ಲಿ ನಾನು ಪೇಪರ್ ಎಣಿಸುವುದಿಲ್ಲ. ಒಂದು ಪುಟದ ಪರೀಕ್ಷೆ ಕೊಡುತ್ತೇನೆ. ಸಾರಾಂಶದಲ್ಲಿ 412 ರೋಗಿಗಳು ಅಂತ ಇರುತ್ತದೆ, ಒಳಗಿನ ಕೋಷ್ಟಕದಲ್ಲಿ ಎರಡು ಗುಂಪು ಕೂಡಿಸಿದರೆ 421 ಬರುತ್ತದೆ. ಕಾಣುತ್ತದಾ? ಮುಂದೆ "ಔಷಧಿಯಿಂದ ಗಮನಾರ್ಹ ಸುಧಾರಣೆ" ಅಂತ ಒಂದು ವಾಕ್ಯ, ಪಿ ಮೌಲ್ಯ (ಫಲಿತಾಂಶ ಬರೀ ಆಕಸ್ಮಿಕವಿರಬಹುದಾ ಅಂತ ತೂಗಲು ಬಳಸುವ ಅಂಕಿ) 0.04. ಆದರೆ ಕೋಷ್ಟಕ ನೋಡಿದರೆ ರಕ್ತದೊತ್ತಡ ಇಳಿದದ್ದು ಬರೀ 1 ಅಂಕ. ಅಂಕಿಅಂಶದ ಲೆಕ್ಕದಲ್ಲಿ ಅದು ಗಮನಾರ್ಹ ಹೌದು, ಆದರೆ ರೋಗಿಗೆ ಅದರಿಂದ ಏನೂ ಆಗಲಿಲ್ಲ. ಇದನ್ನು ಗುರುತಿಸಿ ಪಕ್ಕದಲ್ಲಿ ಲೇಖಕರಿಗೆ ಒಂದು ಸೌಮ್ಯ ಪ್ರಶ್ನೆ ಬರೆಯಬಲ್ಲ ಹುಡುಗಿ ನನಗೆ ಬೇಕು. ಆಕರಗಳ ಪಟ್ಟಿಯಲ್ಲಿ ಇಲ್ಲದ ಪೇಪರ್ ಒಂದನ್ನು ಸೇರಿಸಿರುತ್ತೇನೆ, ಹುಡುಕಿ ನೋಡಿದವರು ಯಾರು ಅನ್ನುವುದು ತಕ್ಷಣ ಗೊತ್ತಾಗುತ್ತದೆ. ಸಿವಿಯಲ್ಲಿ ಪೇಪರ್ ಇದ್ದರೆ ಆ ಪೇಪರಿನ ಬಗ್ಗೆಯೇ ಕೇಳುತ್ತೇನೆ: ಯಾವ ಡೇಟಾಬೇಸ್‌ನಲ್ಲಿ ಹುಡುಕಿದಿರಿ, ಯಾವ ಪೇಪರ್‌ಗಳನ್ನು ಬಿಟ್ಟಿರಿ, ಯಾಕೆ ಬಿಟ್ಟಿರಿ? ಹೆಸರು ಕೊಂಡ ಮಕ್ಕಳು ಇಲ್ಲಿ ತಡವರಿಸುತ್ತಾರೆ. ಅವರ ಮುಖ ನೋಡುವುದು ನನಗೂ ಕಷ್ಟ, ಯಾಕಂದರೆ ಅವರಲ್ಲಿ ಬಹಳ ಜನ ನಿಜಕ್ಕೂ ಬುದ್ಧಿವಂತರು. ಪೇಪರ್ ಇಲ್ಲದೆ ಬಂದಿದ್ದರೆ ಆ ಪ್ರಶ್ನೆಯೇ ಬರುತ್ತಿರಲಿಲ್ಲ.

ಹೊರದೇಶದ ಪಿಎಚ್‌ಡಿ ಬಗ್ಗೆಯೂ ಅಷ್ಟೇ. ಜರ್ಮನಿಯ ಹುದ್ದೆಗಳ ಪ್ರಕಟಣೆ ಹತ್ತು ಓದಿ ನೋಡಿ. ಸಾಮಾನ್ಯವಾಗಿ ಕೇಳುವುದು ಮಾಸ್ಟರ್ಸ್ ಪದವಿ, ಲ್ಯಾಬಿನ ಅನುಭವ, ನಿಮ್ಮನ್ನು ಬಲ್ಲವರ ಶಿಫಾರಸು, ಯಾಕೆ ಬರುತ್ತೀರಿ ಅನ್ನುವ ಪತ್ರ. ನಿಮ್ಮನ್ನು ಝೂಮ್‌ನಲ್ಲಿ ಕೂಡ ಸರಿಯಾಗಿ ನೋಡದವರು ಎಲ್ಲರಿಗೂ ಒಂದೇ ನಮೂನೆಯಲ್ಲಿ ಕೊಡುವ ಶಿಫಾರಸು ಪತ್ರಕ್ಕೆ ಅಲ್ಲಿ ಬೆಲೆಯಿಲ್ಲ.

ಹಾಗಾದರೆ ಏನು ಮಾಡಬೇಕು? ನನಗೆ ಅತಿ ಇಷ್ಟವಾದ ದಾರಿ ಮೊದಲು ಹೇಳುತ್ತೇನೆ. ಅದಕ್ಕೆ ಖರ್ಚಿಲ್ಲ, ಆದರೆ ಮೂರು ತಿಂಗಳ ನಿಷ್ಠೆ ಬೇಕು. ಸರ್ಕಾರದ ಉಚಿತ ಡೇಟಾ ಒಂದನ್ನು ಹಿಡಿದು ಒಂದು ಸಣ್ಣ ಪ್ರಶ್ನೆಗೆ ಉತ್ತರ ಬರೆಯಿರಿ. ಉದಾಹರಣೆಗೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಅದರ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ರಕ್ತಹೀನತೆ ನಾಲ್ಕನೆಯ ಸುತ್ತಿನಲ್ಲಿ ಶೇಕಡಾ 44.8 ಇತ್ತು, ಐದನೆಯ ಸುತ್ತಿನಲ್ಲಿ 47.8 ಆಯಿತು. ಜಿಲ್ಲಾವಾರು ವರದಿಗಳು ಪಿಡಿಎಫ್‌ನಲ್ಲಿ ಸಿಗುತ್ತವೆ. ಅವನ್ನು ಒಂದು ಎಕ್ಸೆಲ್ ಹಾಳೆಗೆ ಇಳಿಸಿ, ಯಾವ ಜಿಲ್ಲೆಯಲ್ಲಿ ಏರಿತು ಎಲ್ಲಿ ಇಳಿಯಿತು ಅಂತ ನೋಡಿ.

ಹೊಸಬರು ಇಲ್ಲಿ ಎಡವುವ ಜಾಗಗಳೇ ನಿಮಗೆ ಕಲಿಸುತ್ತವೆ. ಒಬ್ಬ ಇಂಟರ್ನ್ ಕೋವಿಡ್‌ನಿಂದಾಗಿ ರಕ್ತಹೀನತೆ ಹೆಚ್ಚಾಯಿತು ಅಂತ ಅಂದವಾಗಿ ಬರೆದಿದ್ದಳು. ಐದನೆಯ ಸುತ್ತಿಗೆ 2019-21 ಅಂತ ಹೆಸರಿದೆ ನಿಜ, ಆದರೆ ಕರ್ನಾಟಕದ ಮನೆ ಮನೆ ಭೇಟಿ 2019ರಲ್ಲೇ, ಕೋವಿಡ್ ಬರುವ ಮೊದಲೇ ಮುಗಿದಿತ್ತು. ಇನ್ನೊಬ್ಬ ವಿಜಯನಗರ ಜಿಲ್ಲೆಯ ಅಂಕಿ ಸಿಗುತ್ತಿಲ್ಲ ಅಂತ ಒದ್ದಾಡಿದ. ಆ ಜಿಲ್ಲೆ ಬಳ್ಳಾರಿಯಿಂದ ಬೇರೆಯಾದದ್ದು 2021ರಲ್ಲಿ, ಸಮೀಕ್ಷೆಯಲ್ಲಿರುವುದು 30 ಜಿಲ್ಲೆಗಳೇ. ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ಈ ಏರಿಕೆ ನಿಜವಾ ಅನ್ನುವುದು. ಸಮೀಕ್ಷೆಯವರು ಬೆರಳು ಚುಚ್ಚಿ ರಕ್ತ ತೆಗೆಯುತ್ತಿದ್ದರು, ರಕ್ತನಾಳದಿಂದ ತೆಗೆದ ರಕ್ತಕ್ಕೆ ಹೋಲಿಸಿದರೆ ಅದರಲ್ಲಿ ಹಿಮೋಗ್ಲೋಬಿನ್ ಅಂಕಿ ಬೇರೆ ಬರಬಹುದು ಅನ್ನುವ ವಾದ ಜೋರಾಗಿ ನಡೆದು, ಆರನೆಯ ಸುತ್ತಿನಲ್ಲಿ ಈ ಪರೀಕ್ಷೆಯನ್ನೇ ಕೈಬಿಟ್ಟರು. ನೀವು ಮೈಕ್ರೋಬಯಾಲಜಿ ಓದುತ್ತಿದ್ದೀರಿ, ಮಾದರಿ ತೆಗೆಯುವ ರೀತಿ ಬದಲಾದರೆ ಫಲಿತಾಂಶ ಬದಲಾಗುತ್ತದೆ ಅನ್ನುವುದು ನಿಮಗೆ ಹೇಳಿಕೊಡಬೇಕಾದ್ದಿಲ್ಲ. ಇದನ್ನೆಲ್ಲ ಸೇರಿಸಿ ನಾಲ್ಕು ಪುಟ ಬರೆಯಿರಿ, ಎರಡು ಗ್ರಾಫ್ ಹಾಕಿ. ಅದನ್ನು ಎಕ್ಸೆಲ್ ಹಾಳೆ ಸಮೇತ ಝೆನೋಡೋ ಅನ್ನುವ ಸಂಶೋಧನಾ ಸಂಗ್ರಹದ ವೆಬ್‌ಸೈಟಿನಲ್ಲಿ ಉಚಿತವಾಗಿ ಹಾಕಿದರೆ ಒಂದು ಡಿಒಐ, ಅಂದರೆ ಶಾಶ್ವತ ಗುರುತಿನ ಸಂಖ್ಯೆ, ಸಿಗುತ್ತದೆ. ಸಿವಿಯಲ್ಲಿ ಅದನ್ನು "ಸ್ವತಂತ್ರ ವರದಿ" ಅಂತಲೇ ಬರೆಯಿರಿ, ಜರ್ನಲ್ ಪೇಪರ್ ಅಂತ ಬರೆಯಬೇಡಿ. ಸಂದರ್ಶನದಲ್ಲಿ ಇದರ ಬಗ್ಗೆ ಅರ್ಧ ಗಂಟೆ ಮಾತಾಡಬಲ್ಲ ಹುಡುಗಿಯನ್ನು ನಾನಂತೂ ಬಿಟ್ಟುಕೊಡುವುದಿಲ್ಲ. ಇದರ ತೊಂದರೆ ಅಂದರೆ ತಿದ್ದುವವರು ಇಲ್ಲದೆ ತಪ್ಪು ಉಳಿದುಹೋಗಬಹುದು. ನಿಮ್ಮ ವಿಭಾಗದಲ್ಲೋ ಪಕ್ಕದ ಸಂಖ್ಯಾಶಾಸ್ತ್ರ ವಿಭಾಗದಲ್ಲೋ ಒಬ್ಬ ಮೇಷ್ಟ್ರಿಗೆ ತೋರಿಸದೆ ಹಾಕಬೇಡಿ.

ಲ್ಯಾಬಿನ ಇಂಟರ್ನ್‌ಶಿಪ್ ಬೇಕಂದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ಬೇಸಿಗೆಯ ಸಂಶೋಧನಾ ಫೆಲೋಶಿಪ್ ನಡೆಸುತ್ತದೆ. ಎರಡು ತಿಂಗಳು, ಅವರೇ ದುಡ್ಡು ಕೊಡುತ್ತಾರೆ. ಅರ್ಜಿ ಸಾಮಾನ್ಯವಾಗಿ ಹಿಂದಿನ ವರ್ಷದ ಕೊನೆಗೇ ಮುಗಿದುಹೋಗುತ್ತದೆ, ಹಾಗಾಗಿ ಅಕ್ಟೋಬರ್‌ನಿಂದಲೇ ಕಣ್ಣಿಟ್ಟಿರಿ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಇಂಥದ್ದೇ ಇದೆ. ಪೈಪೋಟಿ ಜಾಸ್ತಿ, ಸಿಗದೇ ಹೋಗುವ ಸಾಧ್ಯತೆಯೇ ಹೆಚ್ಚು ಅಂದುಕೊಂಡೇ ಹಾಕಿ. ಬರವಣಿಗೆಗೆ ಕನ್ನಡದಲ್ಲೂ ಜಾಗವಿದೆ: ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಬಾಲ ವಿಜ್ಞಾನ, ವಿಜ್ಞಾನ ಮತ್ತು ತಂತ್ರಜ್ಞಾನ ಅಕಾಡೆಮಿಯ ವಿಜ್ಞಾನ ಲೋಕ. ಒಂದು ಸಂಶೋಧನೆಯನ್ನು ಕನ್ನಡದಲ್ಲಿ ಹೈಸ್ಕೂಲ್ ಹುಡುಗನಿಗೆ ಅರ್ಥವಾಗುವ ಹಾಗೆ ಬರೆಯಬಲ್ಲವರು ಇಂಗ್ಲಿಷಿನಲ್ಲಿ ರೋಗಿಗಳ ಕೈಪಿಡಿಯನ್ನೂ ಚೆನ್ನಾಗಿ ಬರೆಯುತ್ತಾರೆ, ಇದು ನಾನು ಕೆಲಸದಲ್ಲಿ ಕಂಡದ್ದು.

ಫೀಸು ಕೇಳದ ಇಂಟರ್ನ್‌ಶಿಪ್‌ಗಳಲ್ಲೂ ಒಂದು ಅಪಾಯ ಇದೆ. ಕೆಲವು ಕಡೆ ಇಂಟರ್ನ್‌ಗಳ ಕೈಯಲ್ಲಿ ಯಾರದೋ ಥೀಸಿಸ್‌ನ ಅಧ್ಯಾಯ ಬರೆಸುತ್ತಾರೆ, ಅದನ್ನು ಗಿರಾಕಿಗೆ ಮಾರುತ್ತಾರೆ. ಸೇರುವ ಮುಂಚೆ ಮೂರು ವಿಷಯ ಇಮೇಲ್‌ನಲ್ಲಿ ಕೇಳಿ: ನನ್ನ ಕೆಲಸವನ್ನು ತಿದ್ದುವವರು ಯಾರು, ನಾನು ಬರೆದದ್ದು ಎಲ್ಲಿಗೆ ಹೋಗುತ್ತದೆ, ಅದನ್ನು ಮಾದರಿಯಾಗಿ ನಾನು ಬೇರೆಯವರಿಗೆ ತೋರಿಸಬಹುದಾ. ಫೋನಿನಲ್ಲಿ ಮಾತ್ರ ಉತ್ತರ ಕೊಡುತ್ತೇವೆ ಅಂದರೆ ಬೇಡ.

ಗೆಳತಿಯ ವಿಷಯ ಸೂಕ್ಷ್ಮ. ಅವಳು ತಪ್ಪು ಮಾಡಬೇಕು ಅಂತ ಮಾಡಿದ್ದಲ್ಲ, ನಿಮ್ಮ ಹಾಗೆಯೇ ಹೆದರಿದ್ದಳು. ಪೇಪರನ್ನು ಅವಳು ಪೂರ್ತಿ ಓದಲಿ, ತಾನು ಬರೆದ ಭಾಗ ಯಾವುದು ಅಂತ ಗುರುತು ಹಾಕಿಕೊಳ್ಳಲಿ, ಆಕರಗಳನ್ನು ಒಂದೊಂದಾಗಿ ತೆರೆದು ನೋಡಲಿ. ಎಲ್ಲ ಸರಿಯಿದ್ದು ನಿಜವಾಗಿಯೂ ಕೆಲಸ ಮಾಡಿದ್ದರೆ ಸಮಾಧಾನ. ಏನೂ ಬರೆದಿಲ್ಲ ಅಂದರೆ ಆ ಸಾಲನ್ನು ಸಿವಿಯಿಂದ ತೆಗೆಯುವುದು ಒಳ್ಳೆಯದು. ಕದ್ದದ್ದು ಅಥವಾ ಸುಳ್ಳು ಆಕರ ಕಂಡರೆ ಜರ್ನಲ್ ಸಂಪಾದಕರಿಗೆ ಬರೆದು ತನ್ನ ಹೆಸರು ತೆಗೆಯುವಂತೆ ಕೇಳಬಹುದು, ಉತ್ತರ ಬರದೇ ಇರಬಹುದು, ಆದರೂ ಆ ಇಮೇಲ್‌ನ ಪ್ರತಿ ಅವಳ ಬಳಿ ಇರಲಿ. "ಪೇಪರ್ ವಾಪಸ್ ಪಡೆಯಲು ಇಷ್ಟು ಕಟ್ಟಿ" ಅಂತ ಜರ್ನಲ್‌ನವರೇ ದುಡ್ಡು ಕೇಳಿದರೆ ಕೊಡಬಾರದು.

ಗೈಡ್ ಹತ್ತಿರ ಇನ್ನೊಮ್ಮೆ ಹೋಗಿ. ಈ ಸಲ ಇಂಟರ್ನ್‌ಶಿಪ್ ಸೇರಲಾ ಅಂತ ಕೇಳಬೇಡಿ. "ಸರ್, ಸಮೀಕ್ಷೆಯ ಡೇಟಾ ಇಟ್ಟುಕೊಂಡು ಈ ಒಂದು ಪ್ರಶ್ನೆ ನೋಡುತ್ತಿದ್ದೇನೆ, ಮೊದಲ ಗ್ರಾಫ್ ತಂದಿದ್ದೇನೆ, ಹದಿನೈದು ದಿನಕ್ಕೊಮ್ಮೆ ಹತ್ತು ನಿಮಿಷ ಕೊಡುತ್ತೀರಾ?" ಅಂತ ಕೇಳಿ. ಸುಮ್ನೆ ಸಲಹೆ ಕೇಳಿದವರಿಗೆ ಒಂದು ಮಾತು ಹೇಳಿ ಕಳಿಸುವ ಮೇಷ್ಟ್ರುಗಳು ಕೈಯಲ್ಲಿ ಗ್ರಾಫ್ ಹಿಡಿದು ಬಂದ ವಿದ್ಯಾರ್ಥಿಯನ್ನು ಕೂರಿಸಿಕೊಂಡು ಮಾತಾಡಿದ್ದನ್ನು ಬೇಕಾದಷ್ಟು ನೋಡಿದ್ದೇನೆ. ಫೆಲೋಶಿಪ್ ಅರ್ಜಿಗೆ ಬೇಕಾದ ಶಿಫಾರಸು ಪತ್ರವನ್ನೂ ಆಗ ಅವರೇ ಬರೆದುಕೊಡಬಹುದು.